ನೀರಡಿಕೆಗೆ ಗಡಿ ಇಲ್ಲ: ಗೋವಾದ ಫುಟ್‌ಬಾಲ್ ಆಟಗಾರನೊಬ್ಬನ ಶಿಸ್ತು ಪ್ರಕರಣ

ಈ ಬರಹದಲ್ಲಿ ಬರುವ ಆಟಗಾರ, ಅವನ ಕ್ಲಬ್, ಲೀಗ್, ವಿಚಾರಣೆ ನಡೆಸಿದವರು ಯಾರ ಹೆಸರನ್ನೂ ಹೇಳುವುದಿಲ್ಲ. ಋತು, ಆಡುತ್ತಿದ್ದ ಸ್ಥಾನ, ಪಂದ್ಯಗಳ ವಿವರ ಇವನ್ನು ಗುರುತು ಹತ್ತದಂತೆ ಬದಲಿಸಿದ್ದೇನೆ. ಬದಲಿಸಲು ಬಾರದವು ಮೂರು: ಸ್ಥಳ ಗೋವಾ, ವಿವಾದ ಮಹದಾಯಿಯದು, ಆಟಗಾರನ ಮನೆಮಾತು ಕನ್ನಡ. ಇವುಗಳಲ್ಲಿ ಒಂದನ್ನು ತೆಗೆದರೂ ಪ್ರಕರಣವೇ ಉಳಿಯುವುದಿಲ್ಲ. ನಾನು ಕ್ರೀಡಾ ಕಾನೂನಿನಲ್ಲಿ ಪಳಗಿದವನಲ್ಲ. ವಾಸ್ಕೋದಲ್ಲಿ ಬಂದರು ಮತ್ತು ಗಣಿಗಳ ಗುತ್ತಿಗೆ ಕಾರ್ಮಿಕರ ವ್ಯಾಜ್ಯ ನಡೆಸುತ್ತ ಬಂದ ವಕೀಲ. ಆಟಗಾರನ ತಂದೆಯ ಗ್ರಾಚ್ಯುಟಿ ಪ್ರಕರಣವೊಂದನ್ನು ಹಿಂದೆ ನಡೆಸಿಕೊಟ್ಟಿದ್ದ ಪರಿಚಯದಿಂದ ಈ ಕಡತ ನನ್ನ ಮೇಜಿಗೆ ಬಂತು, ಮತ್ತು ಇದನ್ನು ನಾನು ಕೊನೆಯವರೆಗೂ ಒಬ್ಬ ಕೂಲಿಕಾರನ ಪ್ರಕರಣವೆಂದೇ ನೋಡಿದೆ.

ಹಿನ್ನೆಲೆ

ತಂದೆ ಎಂಬತ್ತರ ದಶಕದ ಕೊನೆಯಲ್ಲಿ ಮಲಪ್ರಭಾ ಬಯಲಿನ ಒಂದು ಹಳ್ಳಿಯಿಂದ ಗೌಂಡಿ ಕೆಲಸಕ್ಕೆಂದು ಗೋವಾಕ್ಕೆ ಬಂದವರು. ಅಜ್ಜ 1980ರ ನರಗುಂದ ಬಂಡಾಯದಲ್ಲಿ ರೈತರ ಮೆರವಣಿಗೆಗೆ ಹೋಗಿದ್ದರೆಂಬ ಕತೆ ಆ ಮನೆಯಲ್ಲಿ ಹಬ್ಬಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಮಗ ಹುಟ್ಟಿದ್ದು ವಾಸ್ಕೋದಲ್ಲಿ, ಬೆಳೆದದ್ದು ಜುವಾರಿನಗರದ ಕಡೆಯ ಒಂದು ಕಾಲೊನಿಯಲ್ಲಿ. ಮೊದಲ ನಾಲ್ಕು ತರಗತಿ ಕನ್ನಡ ಶಾಲೆಯಲ್ಲಿ ಓದಿದ. ಮೈದಾನದಲ್ಲಿ ಅವನು ಕೂಗುವುದು, ಬೈಯುವುದು, ದೇವರನ್ನು ನೆನೆಯುವುದು ಎಲ್ಲ ಕೊಂಕಣಿಯಲ್ಲೇ. ಆದರೂ ಚೆಂಡು ತಪ್ಪಿದ ದಿನ ಗ್ಯಾಲರಿಯಿಂದ ‘ಘಾಂಟಿ’ ಎಂಬ ಮಾತು ಬೀಳುತ್ತಿತ್ತು. ಘಟ್ಟದ ಮೇಲಿನಿಂದ ಬಂದವರನ್ನು ಗೋವಾದಲ್ಲಿ ಹೀಗಳೆಯುವ ಪದ ಇದು. ಗೋಲು ಹೊಡೆದ ದಿನ ಅವನು ಗೋವಾದವನೇ ಆಗಿರುತ್ತಿದ್ದ. ಇದನ್ನು ಅವನು ದೂರಿನ ದನಿಯಲ್ಲಿ ಹೇಳಲಿಲ್ಲ, ಹವಾಮಾನದ ವರದಿ ಕೊಡುವಂತೆ ಹೇಳಿದ.

ಇಪ್ಪತ್ತನಾಲ್ಕನೆಯ ವಯಸ್ಸಿಗೆ ಅವನು ಕ್ಲಬ್ ಒಂದರ ವೃತ್ತಿಪರ ಆಟಗಾರನಾಗಿದ್ದ. ಕರಾರು ಒಂದು ಋತುವಿನದು, ಪ್ರತಿ ಬೇಸಿಗೆಯ ಕೊನೆಗೆ ಹೊಸದಾಗಿ ಬರೆಯಬೇಕಾದದ್ದು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮಹದಾಯಿಯ ವಿಷಯ ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಭೀಮಗಡದ ಕಾಡಿನ ಸೀಮೆಯಲ್ಲಿ ಹುಟ್ಟಿ, ಗೋವಾದಲ್ಲಿ ಮಾಂಡವಿ ಎನಿಸಿಕೊಂಡು ಪಣಜಿಯ ಬಳಿ ಕಡಲು ಸೇರುವ ಈ ನದಿಯ ನೀರನ್ನು ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಹಂಚಿತು: ಕರ್ನಾಟಕಕ್ಕೆ 13.42, ಗೋವಾಕ್ಕೆ 24, ಮಹಾರಾಷ್ಟ್ರಕ್ಕೆ 1.33 ಟಿಎಂಸಿ. ಕರ್ನಾಟಕದ ಪಾಲಿನಲ್ಲಿ ಕಳಸಾ ಬಂಡೂರಿಯಿಂದ ಮಲಪ್ರಭೆಗೆ ತಿರುಗಿಸಲು ಸಿಕ್ಕದ್ದು 3.9 ಟಿಎಂಸಿ, ಜಗಳ ಮುಖ್ಯವಾಗಿ ಆ 3.9ರದು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಕರ್ನಾಟಕದ ಪರಿಷ್ಕೃತ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟ ಮೇಲೆ ಗೋವಾದಲ್ಲಿ ಚಳವಳಿ ಮತ್ತೆ ಬಿರುಸಾಯಿತು. ಅಲ್ಲಿ ಮಹದಾಯಿ ತಾಯಿ. ಆಡಳಿತ ಪಕ್ಷವೂ ವಿರೋಧ ಪಕ್ಷವೂ ಹಾಗೆಂದೇ ಕರೆಯುತ್ತವೆ. ಎಲ್ಲ ಪಕ್ಷಗಳೂ ಒಪ್ಪಿದ ಮಾತು ಯಾರ ಕಣ್ಣಿಗೂ ರಾಜಕೀಯವಾಗಿ ಕಾಣುವುದಿಲ್ಲ. ಈ ಪ್ರಕರಣದ ಗಂಟು ಇರುವುದು ಇಲ್ಲಿಯೇ.

ನೀಲಿ ಪಟ್ಟಿ

ಆ ಕಾವಿನ ದಿನಗಳ ನಂತರದ ಒಂದು ಋತುವಿನಲ್ಲಿ ತಂಡದ ನಾಯಕ ಒಂದು ಸೂಚನೆ ಮುಂದಿಟ್ಟ. ಅವನು ಸತ್ತರಿ ತಾಲ್ಲೂಕಿನವನು, ಅವನ ಮನೆಯ ಅಡಿಕೆ ತೋಟ ಈ ನದಿಯ ನೀರನ್ನೇ ಕುಡಿಯುತ್ತದೆ. ಮೇಲಿನಿಂದ ಸಿಹಿನೀರು ಕಡಿಮೆಯಾದರೆ ಕೆಳಗೆ ಕಡಲಿನ ಉಪ್ಪು ಏರುತ್ತದೆಂಬ ಭಯ ಅವನ ಪಾಲಿಗೆ ಭಾಷಣದ ಮಾತಾಗಿರಲಿಲ್ಲ. ಎಲ್ಲರೂ ಎಡತೋಳಿಗೆ ನೀಲಿ ಪಟ್ಟಿ ಕಟ್ಟುವುದು, ಪಟ್ಟಿಯ ಮೇಲೆ ಬಿಳಿ ಅಕ್ಷರದಲ್ಲಿ ನದಿಯ ಹೆಸರು ಮತ್ತು ಅದನ್ನು ಉಳಿಸಿರೆಂಬ ಕರೆ ಎಂದು ತೀರ್ಮಾನವಾಯಿತು. ಕ್ಲಬ್ಬಿನ ಮಾಲೀಕರು ಸಂತೋಷದಿಂದ ಒಪ್ಪಿದರು. ಲೀಗನ್ನು ಯಾರೂ ಕೇಳಲಿಲ್ಲ. ಆ ವಾರ ನಮ್ಮ ಆಟಗಾರ ಮೊಣಕಾಲಿನ ನೋವಿನಿಂದ ಹೊರಗಿದ್ದ.

ಫುಟ್‌ಬಾಲ್ ಆಟದ ನಾಲ್ಕನೆಯ ನಿಯಮ ಈ ವಿಚಾರದಲ್ಲಿ ಸ್ಪಷ್ಟವಾಗಿದೆ. ಆಟಗಾರನ ಉಡುಪಿನ ಮೇಲೆ ರಾಜಕೀಯ, ಧಾರ್ಮಿಕ ಅಥವಾ ವೈಯಕ್ತಿಕ ಘೋಷಣೆ, ಹೇಳಿಕೆ, ಚಿತ್ರ ಇರಕೂಡದು. ಒಳಂಗಿ ತೋರಿಸಿದರೂ ತಪ್ಪೇ. ಹೀಗಿದ್ದೂ ಮೊದಲ ಪಂದ್ಯದ ದಿನ ಮ್ಯಾಚ್ ಕಮಿಷನರ್ ಹನ್ನೊಂದು ನೀಲಿ ಪಟ್ಟಿಗಳನ್ನು ಕಂಡೂ ತಮ್ಮ ವರದಿಯಲ್ಲಿ ಒಂದಕ್ಷರ ಬರೆಯಲಿಲ್ಲ. ಲೀಗಿನ ಕಚೇರಿಯೂ ಸುಮ್ಮನಿತ್ತು. ಮುಂದೆ ಲೀಗ್ ಎಡವಿದ್ದೆಲ್ಲದರ ಮೂಲ ಈ ಮೌನದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಏನೂ ನಿರ್ಧರಿಸಲಿಲ್ಲವೆಂದು ಅವರು ಅಂದುಕೊಂಡರು, ಆದರೆ ಯಾವ ಘೋಷಣೆ ರಾಜಕೀಯವಲ್ಲ ಎಂಬುದು ಅಂದೇ ನಿರ್ಧಾರವಾಗಿ ಹೋಗಿತ್ತು.

ಎರಡನೆಯ ಪಂದ್ಯಕ್ಕೆ ಅವನು ಮರಳಿದಾಗ ಡ್ರೆಸ್ಸಿಂಗ್ ಕೋಣೆಯ ಬೆಂಚಿನ ಮೇಲೆ ಅವನ ಹೆಸರಿನ ಎದುರು ಒಂದು ಪಟ್ಟಿ ಇತ್ತು. ಅವನು ಅದನ್ನು ಮಡಚಿ ಬೂಟಿನ ಚೀಲದಲ್ಲಿಟ್ಟು ಬರಿತೋಳಿನಲ್ಲಿ ಮೈದಾನಕ್ಕಿಳಿದ. ಏಕೆಂದು ಕೇಳಿದಾಗ ನನಗೆ ಹೇಳಿದ್ದು ಇಷ್ಟು: “ನಮ್ಮ ಆಯಿ (ಅಜ್ಜಿ) ಊರಾಗ ವಾರಕ್ಕೊಮ್ಮೆ ನಳಾ ಬರೂದು ಕಾಯಕೋತ ಕುಂದರ್ತಾಳ್ರಿ. ಅದನ್ನ ಕಟ್ಟಿಕೊಂಡು ಆಕಿಗೆ ಮಾರಿ ಹೆಂಗ ತೋರಸ್ಲಿ?” ಅವನು ಯಾರನ್ನೂ ವಿರೋಧಿಸಿರಲಿಲ್ಲ, ಎಲ್ಲರೂ ಮಾಡಿದ ಒಂದು ಕೆಲಸವನ್ನು ಮಾಡಿರಲಿಲ್ಲ ಅಷ್ಟೇ. ಆದರೆ ಹತ್ತು ನೀಲಿ ತೋಳುಗಳ ನಡುವೆ ಒಂದು ಬರಿತೋಳಿರುವ ಛಾಯಾಚಿತ್ರ ಸಂಜೆಯೊಳಗೆ ಸಾವಿರಾರು ಫೋನುಗಳಲ್ಲಿ ಓಡಾಡಿತು. ಮರುದಿನ ಕ್ಲಬ್ಬಿನ ಮ್ಯಾನೇಜರ್ ಕರೆದು, ಮುಂದಿನ ಪಂದ್ಯದಲ್ಲಿ ಪಟ್ಟಿ ಕಟ್ಟಿಬಿಡು, ಮಾತು ಮುಗಿಯುತ್ತದೆ ಎಂದರು. ಇದು ಕರಾರಿನಲ್ಲಿದೆಯೇ ಎಂದು ಅವನು ಕೇಳಿದ. ಇಲ್ಲ ಎಂದರು. ಆ ಪ್ರಶ್ನೆಯನ್ನು ಅವರು ಮರೆಯಲಿಲ್ಲವೆಂದು ಮುಂದೆ ತಿಳಿಯಿತು.

ಪ್ರತಿಭಟಿಸಿದ ಆಟಗಾರನ ಬಗ್ಗೆ ಲೀಗುಗಳಿಗೆ ನಿಯಮಗಳಿವೆ. ತನ್ನದೇ ತಂಡದ ಪ್ರತಿಭಟನೆಯಲ್ಲಿ ಸೇರದ ಆಟಗಾರನ ಬಗ್ಗೆ ಯಾರೂ ಯೋಚಿಸಿದಂತೆ ಕಾಣುವುದಿಲ್ಲ. 2021ರ ಟಿ20 ವಿಶ್ವಕಪ್ಪಿನಲ್ಲಿ ದಕ್ಷಿಣ ಆಫ್ರಿಕಾದ ಕ್ರಿಕೆಟ್ ಮಂಡಳಿ ಎಲ್ಲ ಆಟಗಾರರೂ ವರ್ಣಭೇದದ ವಿರುದ್ಧ ಮಂಡಿಯೂರಬೇಕೆಂದು ಆದೇಶಿಸಿದಾಗ ಕ್ವಿಂಟನ್ ಡಿ ಕಾಕ್ ವೆಸ್ಟ್ ಇಂಡೀಸ್ ವಿರುದ್ಧದ ಪಂದ್ಯದಿಂದಲೇ ಹಿಂದೆ ಸರಿದರು, ಎರಡು ದಿನ ಕಳೆದು ಕ್ಷಮೆ ಕೇಳಿ, ಮುಂದಿನ ಪಂದ್ಯದಲ್ಲಿ ಮಂಡಿಯೂರಿದರು. ಅವರ ನಿಲುವನ್ನು ನಾನು ಮೆಚ್ಚುತ್ತೇನೆಂದಲ್ಲ. ಆದರೆ ಸಂಸ್ಥೆಯೇ ನಿಂತು ಮಾಡಿಸಿದ ಪ್ರತಿಭಟನೆಯಲ್ಲಿ ‘ಒಲ್ಲೆ’ ಎನ್ನುವವನಿಗೆ ಉಳಿಯುವ ದಾರಿ ಎಷ್ಟು ಕಿರಿದೆಂಬುದು ಅಲ್ಲಿ ಕಾಣುತ್ತದೆ.

ಅಂಗಿ

ಮೂರನೆಯ ಪಂದ್ಯದಲ್ಲಿ ಅವನು ಮತ್ತೆ ಬರಿತೋಳಿನಲ್ಲಿ ಇಳಿದ. ಮೊದಲರ್ಧ ಪೂರ್ತಿ ಒಂದು ಬದಿಯ ಗ್ಯಾಲರಿ ಅವನ ಕಾಲಿಗೆ ಚೆಂಡು ಸಿಕ್ಕಾಗಲೆಲ್ಲ ಕೂಗಿತು. ಎರಡನೆಯರ್ಧದಲ್ಲಿ ಕಾರ್ನರ್‌ನಿಂದ ಬಂದ ಚೆಂಡನ್ನು ತಲೆಯಿಂದ ಗೋಲಿಗಟ್ಟಿದವನು ಅದೇ ಗ್ಯಾಲರಿಯ ಮುಂದೆ ಓಡಿ, ಮೇಲಂಗಿಯನ್ನು ಮುಖದ ಮೇಲೆ ಎಳೆದುಕೊಂಡು ನಿಂತ. ಒಳಗಿನ ಬಿಳಿ ಬನಿಯನ್ನಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿತ್ತು: ನೀರಡಿಕೆಗೆ ಗಡಿ ಇಲ್ಲ.

ಹಿಂದಿನ ರಾತ್ರಿಯೇ ಬರೆದಿದ್ದ. ತೋರಿಸುವ ಯೋಚನೆ ಇರಲಿಲ್ಲ, ಮೈಮೇಲಿದ್ದರೆ ಸಾಕೆನಿಸಿತ್ತು ಎಂದ. ನೀರು ಅಂದದ್ದು ನಮ್ಮ ಕಾಲೊನಿಯ ಟ್ಯಾಂಕರ್ ನೀರಿನ ಬಗ್ಗೆ ಕೂಡ ಎಂದೂ ಸೇರಿಸಿದ. ನನಗೆ ಪೂರ್ತಿ ನಂಬಿಕೆ ಬರಲಿಲ್ಲ, ಅವನಿಗೂ ಬಂದಿರಲಿಲ್ಲವೇನೋ.

ಮೇಲಂಗಿಯಿಂದ ತಲೆ ಮುಚ್ಚಿಕೊಂಡದ್ದಕ್ಕೆ ರೆಫರಿ ಹಳದಿ ಕಾರ್ಡ್ ತೋರಿಸಿದರು, ಅದು ಸರಿಯೇ. ಪಂದ್ಯ ಮುಗಿದ ಮೇಲೆ ಬನಿಯನ್ನನ್ನು ಸಾಕ್ಷ್ಯವೆಂದು ವಶಕ್ಕೆ ತೆಗೆದುಕೊಂಡರು. ಎರಡು ದಿನದಲ್ಲಿ ನೋಟಿಸು ಬಂತು: ಅಂತರರಾಜ್ಯ ಗಡಿ ವಿವಾದಕ್ಕೆ ಸಂಬಂಧಿಸಿದ ರಾಜಕೀಯ ಘೋಷಣೆ ಪ್ರದರ್ಶಿಸಿದ ಆರೋಪ, ವಿಚಾರಣೆ ಮುಗಿಯುವ ತನಕ ಆಡುವಂತಿಲ್ಲ. ಗಡಿ ವಿವಾದ ಎಲ್ಲಿಂದ ಬಂತೆಂದು ನನಗೆ ಅರ್ಥವಾಗಲಿಲ್ಲ.

ಈ ನಡುವೆ ಘಟ್ಟದ ಮೇಲಿನಿಂದ ಒಂದು ಸಂಘಟನೆಯವರು ಶಾಲು, ಹಾರ, ಕ್ಯಾಮೆರಾ ಹಿಡಿದು ಸನ್ಮಾನಕ್ಕೆ ಕರೆಯಲು ಬಂದರು. ತಂದೆ ಕೈಮುಗಿದು ವಾಪಸು ಕಳಿಸಿದರು. 2004ರಲ್ಲಿ ಬೈನಾ ಕಡಲತೀರದ ಮನೆಗಳನ್ನು ಕೆಡವಿದಾಗ ಬೀದಿಗೆ ಬಿದ್ದ ಕನ್ನಡದ ಕುಟುಂಬಗಳನ್ನು ಅವರು ಕಣ್ಣಾರೆ ಕಂಡವರು. ಹಾರ ಹಾಕಿದವರು ಸಂಜೆಯ ಬಸ್ಸಿಗೆ ಹೋಗುತ್ತಾರೆ, ನಾವು ಇಲ್ಲೇ ಇರಬೇಕು ಎಂದರು. ಸನ್ಮಾನವನ್ನು ಒಪ್ಪಿಕೊಂಡಿದ್ದರೆ ವಿಚಾರಣೆಯ ಫಲಿತಾಂಶವೇ ಬೇರೆಯಾಗುತ್ತಿತ್ತು.

ಉತ್ತರ ಬರೆಯುವಾಗ

ನಾನು ಬರೆದ ಮೊದಲ ಉತ್ತರ ಕಾರ್ಮಿಕ ನ್ಯಾಯಾಲಯದ ಅಭ್ಯಾಸದಿಂದ ಬಂದದ್ದು. ಒಂದೇ ತಪ್ಪಿಗೆ ಇಬ್ಬರಿಗೆ ಎರಡು ನ್ಯಾಯವೇ, ಹನ್ನೊಂದು ಪಟ್ಟಿಗಳನ್ನು ಕಾಣದ ಕಣ್ಣು ಒಂದು ಬನಿಯನ್ನನ್ನು ಹೇಗೆ ಕಂಡಿತು ಎಂದು ನಾಲ್ಕು ಪುಟ ಬರೆದೆ. ವಾದ ಗಟ್ಟಿಯಾಗಿತ್ತು, ನನಗೆ ಹೆಮ್ಮೆಯೂ ಆಗಿತ್ತು. ಆಟಗಾರ ಅದನ್ನು ನಿಧಾನವಾಗಿ ಓದಿ, ಇದನ್ನು ಕೊಟ್ಟರೆ ನಾಯಕನಿಗೂ ಶಿಕ್ಷೆಯಾಗುತ್ತದೆಯೇ ಎಂದು ಕೇಳಿದ. ಆಗಬಹುದು ಎಂದೆ. ಹಾಗಾದರೆ ಬೇಡ ಎಂದ.

ನಾನು ಸ್ವಲ್ಪ ಸಿಟ್ಟಾದೆ. ಆದರೆ ಅವನು ಹೇಳಿದ್ದರಲ್ಲಿ ನಾನು ಕಾಣದ ಒಂದು ಲೆಕ್ಕವಿತ್ತು. ಕಾರ್ಖಾನೆಯಲ್ಲಿ ಇಬ್ಬರು ಕೆಲಸಗಾರರ ನಡುವಿನ ತಾರತಮ್ಯವನ್ನು ತೋರಿಸಿದರೆ ಆಡಳಿತ ಹೆಚ್ಚಾಗಿ ಶಿಕ್ಷೆ ಇಳಿಸುತ್ತದೆ, ಏಕೆಂದರೆ ಇನ್ನೊಬ್ಬನನ್ನು ಮುಟ್ಟಿದರೆ ಯೂನಿಯನ್ ಎದ್ದು ನಿಲ್ಲುತ್ತದೆ. ಇಲ್ಲಿ ಎದ್ದು ನಿಲ್ಲುವವರಿರಲಿಲ್ಲ. ಸಮಾನತೆಯ ವಾದವನ್ನು ಲೀಗ್ ಎಲ್ಲರನ್ನೂ ಶಿಕ್ಷಿಸಿಯೇ ತೀರಿಸಬಹುದಿತ್ತು, ಆಗ ಅದೇ ಡ್ರೆಸ್ಸಿಂಗ್ ಕೋಣೆಯಲ್ಲಿ ಅವನು ಇನ್ನೊಂದು ದಿನವೂ ಬಾಳುವಂತಿರಲಿಲ್ಲ.

ಬನಿಯನ್ನಿನ ಮಾತು ರಾಜಕೀಯವೇ ಅಲ್ಲವೆಂದು ವಾದಿಸುವ ದಾರಿಯೂ ಮುಚ್ಚಿತ್ತು. ವೈಯಕ್ತಿಕ ಘೋಷಣೆಯೂ ನಿಷಿದ್ಧವೆಂದ ಮೇಲೆ ಅರ್ಥ ಏನಾದರೂ ಉಲ್ಲಂಘನೆ ಉಲ್ಲಂಘನೆಯೇ. ಉಳಿದದ್ದು ಶಿಕ್ಷೆಯ ಪ್ರಮಾಣದ ಪ್ರಶ್ನೆ. ಅದಕ್ಕೆ ಒಂದು ನಿದರ್ಶನ ಸಿಕ್ಕಿತು. 2020ರ ಮೇ ಕೊನೆಯಲ್ಲಿ ಜರ್ಮನಿಯ ಲೀಗಿನಲ್ಲಿ ಜೇಡನ್ ಸ್ಯಾಂಚೊ ಗೋಲು ಹೊಡೆದು, ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಸತ್ತ ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್‌ಗೆ ನ್ಯಾಯ ಕೇಳುವ ಒಳಂಗಿ ತೋರಿಸಿ ಹಳದಿ ಕಾರ್ಡ್ ಪಡೆದಿದ್ದರು. ಫಿಫಾ ಇಂಥ ಸಂದರ್ಭದಲ್ಲಿ ಸಾಮಾನ್ಯ ವಿವೇಕ ಬಳಸಿರೆಂದಿತು, ಜರ್ಮನಿಯ ಒಕ್ಕೂಟ ಮುಂದಿನ ಶಿಕ್ಷೆ ವಿಧಿಸಲಿಲ್ಲ. ಆದ್ದರಿಂದ ಎರಡನೆಯ ಉತ್ತರ ಒಂದೂವರೆ ಪುಟದ್ದಾಯಿತು: ತಪ್ಪು ಒಪ್ಪಿದ್ದೇವೆ, ಕಾರ್ಡ್ ಆಗಿದೆ, ಪಂದ್ಯಗಳು ತಪ್ಪಿವೆ, ಇಷ್ಟು ಸಾಕು. ಜೊತೆಗೆ ಮುಂದೆ ಇಂಥದ್ದು ಬಂದರೆ ಲೀಗ್ ಮುಂಚಿತವಾಗಿಯೇ ತೀರ್ಮಾನಿಸಲಿ ಎಂಬ ಕೋರಿಕೆ, ಮತ್ತು ತಂಡದ ಯಾವುದೇ ಅಭಿಯಾನದಲ್ಲಿ ಸೇರದಿರುವ ಆಟಗಾರನ ಮೇಲೆ ಒತ್ತಡ ತರಬಾರದೆಂಬ ಒಂದು ವಾಕ್ಯ.

ಆ ಕೊನೆಯ ವಾಕ್ಯದ ಹಿಂದೆ ನಾಲ್ಕನೆಯ ನಿಯಮದ ಇತಿಹಾಸವಿದೆ. 2016ರ ನವೆಂಬರಿನಲ್ಲಿ ಬ್ರಿಟನ್ನಿನ ತಂಡಗಳು ಯುದ್ಧದಲ್ಲಿ ಮಡಿದವರ ನೆನಪಿಗೆ ಗಸಗಸೆ ಹೂವಿನ ಗುರುತು ಧರಿಸಿದವೆಂದು ಫಿಫಾ ದಂಡ ಹಾಕಿ ಗದ್ದಲವಾದ ಮೇಲೆ ನಿಯಮವನ್ನು ಸಡಿಲಿಸಲಾಯಿತು. ಮಹತ್ವದ ಘಟನೆಯೊಂದನ್ನು ಸ್ಮರಿಸುವಾಗ ಎದುರು ತಂಡದ, ಅದರ ಅಭಿಮಾನಿಗಳ, ಸಾರ್ವಜನಿಕರ ಭಾವನೆಗಳನ್ನು ಗಮನಿಸಬೇಕೆಂದು ಅಲ್ಲಿ ಬರೆದಿದೆ. ಸ್ವಂತ ತಂಡದೊಳಗಿನ ಒಬ್ಬನ ಭಾವನೆಯ ಮಾತು ಅಲ್ಲಿ ಇಲ್ಲ.

ವಿಚಾರಣೆ

ಸಮಿತಿಯಲ್ಲಿ ಮೂವರಿದ್ದರು, ಒಬ್ಬರು ನಿವೃತ್ತ ರೆಫರಿ. ಕಡತದ ಪ್ರತಿ ಕೈಗೆ ಬಂದಾಗ ಗಡಿ ವಿವಾದದ ಗುಟ್ಟು ಬಯಲಾಯಿತು. ಮ್ಯಾಚ್ ಕಮಿಷನರ್ ತಮ್ಮ ವರದಿಯಲ್ಲಿ ‘ಕರ್ನಾಟಕದ ಭಾಷೆಯಲ್ಲಿ ರಾಜಕೀಯ ಘೋಷಣೆ’ ಎಂದಷ್ಟೇ ಬರೆದಿದ್ದರು. ಕಚೇರಿಯ ಯಾರೋ ಅದನ್ನು ಫೋನಿನ ಅನುವಾದಕ್ಕೆ ಕೊಟ್ಟಿದ್ದರು. ಉತ್ತರ ಕರ್ನಾಟಕದ ‘ನೀರಡಿಕೆ’ ಆ ಯಂತ್ರಕ್ಕೆ ತಿಳಿಯದೆ ನೀರು ಬೇರೆ, ಅಡಿಕೆ ಬೇರೆ ಆಗಿ, ನೀರು ಮತ್ತು ಅಡಿಕೆಗೆ ಗಡಿ ಇಲ್ಲ ಎಂಬ ಅರ್ಥ ಕಡತ ಸೇರಿತ್ತು. ‘ಗಡಿ’ ಮಾತ್ರ ಸರಿಯಾಗಿ ಬಂದಿತ್ತು. ಉಳಿದದ್ದನ್ನು ಬೆಳಗಾವಿಯ ನೆನಪು ತುಂಬಿಕೊಂಡಿತ್ತು.

ನೀರಡಿಕೆ ಎಂದರೆ ಬಾಯಾರಿಕೆ, ಕೊಂಕಣಿಯ ‘ತಾನ್’ ಎಂದು ನಾನು ಹೇಳಿದಾಗ ರೆಫರಿಯವರು ಆ ಪದವನ್ನು ಎರಡು ಸಲ ತಮ್ಮಷ್ಟಕ್ಕೆ ಹೇಳಿಕೊಂಡರು. ನಂತರ ಕಮಿಷನರ್ ಕಡೆ ತಿರುಗಿ, ಓದಲು ಬಾರದ ಅಕ್ಷರ ರಾಜಕೀಯವೆಂದು ಮೈದಾನದಲ್ಲೇ ಹೇಗೆ ಗೊತ್ತಾಯಿತು ಎಂದು ಕೇಳಿದರು. ಉತ್ತರ ಬರಲಿಲ್ಲ. ನಾವು ಎತ್ತದಿದ್ದ ಪಟ್ಟಿಗಳ ಮಾತನ್ನು ಎತ್ತಿದವರೂ ಅವರೇ.

ನಾಯಕ ಸಾಕ್ಷಿಯಾಗಿ ಬಂದಿದ್ದ, ಕ್ಲಬ್ ಕಳಿಸಿತ್ತೋ ತಾನಾಗಿ ಬಂದನೋ ತಿಳಿಯಲಿಲ್ಲ. ಪಟ್ಟಿ ರಾಜಕೀಯವಲ್ಲ, ನದಿ ನಮ್ಮ ತಾಯಿ ಎಂದ. ಕಪಟವಿಲ್ಲದ ಮಾತು. ಹಾಗಾದರೆ ಕಟ್ಟದವನು ಯಾರು ಎಂದು ರೆಫರಿಯವರು ಕೇಳಿದಾಗ ಅವನು ಬಹಳ ಹೊತ್ತು ಮೇಜನ್ನೇ ನೋಡುತ್ತ ಕುಳಿತ. ಕೊನೆಗೆ, ಅವನು ನನ್ನ ತಂಡದ ಆಟಗಾರ ಎಂದಷ್ಟೇ ಹೇಳಿದ.

ತೀರ್ಪು ಮಿತವಾಗಿತ್ತು. ಎರಡು ಪಂದ್ಯಗಳ ಅಮಾನತು, ಅದು ಈಗಾಗಲೇ ಕಳೆದಿದೆಯೆಂದು ಪರಿಗಣನೆ, ಒಂದು ಸಣ್ಣ ದಂಡ. ಕ್ಲಬ್ಬಿಗೆ ಪಟ್ಟಿಗಳ ಬಗ್ಗೆ ಲಿಖಿತ ಎಚ್ಚರಿಕೆ. ಲೀಗಿನ ಪೂರ್ವಾನುಮತಿ ಇಲ್ಲದೆ ಯಾವ ಪಟ್ಟಿಯನ್ನೂ ಧರಿಸಕೂಡದೆಂಬ ಸುತ್ತೋಲೆ. ಸೇರದಿರುವವನ ಮೇಲೆ ಒತ್ತಡ ಬೇಡವೆಂಬ ನಮ್ಮ ವಾಕ್ಯ ಸುತ್ತೋಲೆಯ ಕರಡಿನಲ್ಲಿತ್ತು, ಹೊರಬಂದ ಪ್ರತಿಯಲ್ಲಿ ಇರಲಿಲ್ಲ.

ನಂತರ

ಋತು ಮುಗಿಯುವವರೆಗೆ ಅವನು ಹೆಚ್ಚಾಗಿ ಬದಲಿ ಆಟಗಾರರ ಬೆಂಚಿನಲ್ಲಿ ಕುಳಿತ. ಪಟ್ಟಿಗಳು ನಿಂತುಹೋದದ್ದಕ್ಕೆ ತಂಡದ ಕೆಲವರು ಅವನನ್ನೇ ದೂರಿದರು. ಬೇಸಿಗೆಯ ಕೊನೆಗೆ ತಾಂತ್ರಿಕ ಕಾರಣಗಳಿಂದ ಕರಾರು ನವೀಕರಿಸುತ್ತಿಲ್ಲವೆಂಬ ಎರಡು ಸಾಲಿನ ಇಮೇಲ್ ಬಂತು. ಅದನ್ನು ಪ್ರಶ್ನಿಸುವ ದಾರಿ ನನಗೆ ಕಾಣಲಿಲ್ಲ. ಅವಧಿ ಮುಗಿದ ಕರಾರು ವಜಾ ಅಲ್ಲ, ಹೊಸದನ್ನು ಬರೆಯದಿರುವುದಕ್ಕೆ ಕಾರಣ ಕೊಡಬೇಕಾದ ಹೊಣೆಯೂ ಕ್ಲಬ್ಬಿಗಿಲ್ಲ. ಗುತ್ತಿಗೆ ಕಾರ್ಮಿಕರ ಎಷ್ಟೋ ಪ್ರಕರಣಗಳಲ್ಲಿ ನಾನು ಎಡವಿ ಬಿದ್ದದ್ದೂ ಇದೇ ಕಲ್ಲಿಗೆ.

ಅಮೆರಿಕದ ‘ಅಮೆರಿಕನ್ ಫುಟ್‌ಬಾಲ್’ ಆಟಗಾರ ಕಾಲಿನ್ ಕೆಪರ್ನಿಕ್‌ಗೂ ಆದದ್ದು ರೂಪದಲ್ಲಿ ಇದೇ. 2016ರಲ್ಲಿ ವರ್ಣಭೇದ ಖಂಡಿಸಿ ರಾಷ್ಟ್ರಗೀತೆಯ ವೇಳೆ ಮಂಡಿಯೂರಿದ್ದಕ್ಕೆ ಆ ಆಟದ ಲೀಗಾದ ಎನ್‌ಎಫ್‌ಎಲ್ ಅವರಿಗೆ ಒಂದು ಪಂದ್ಯದ ನಿಷೇಧವನ್ನೂ ಹಾಕಲಿಲ್ಲ. 2017ರ ಮಾರ್ಚಿನಲ್ಲಿ ಕರಾರಿನಿಂದ ಹೊರಬಂದ ಮೇಲೆ ಯಾವ ತಂಡವೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಮೈದಾನದಲ್ಲಿರುವವರು ಎದ್ದು ನಿಲ್ಲಬೇಕು, ಒಲ್ಲದವರು ಡ್ರೆಸ್ಸಿಂಗ್ ಕೋಣೆಯೊಳಗೇ ಇರಬಹುದು ಎಂಬ ನಿಯಮ ಬಂದದ್ದು 2018ರ ಮೇ ತಿಂಗಳಿನಲ್ಲಿ, ಆಟಗಾರರ ಸಂಘ ತಕರಾರು ಎತ್ತಿದ ಮೇಲೆ ಜುಲೈನಲ್ಲಿ ಅದನ್ನು ತಡೆಹಿಡಿಯಲಾಯಿತು. ಕೆಪರ್ನಿಕ್ ಹೂಡಿದ್ದ ದೂರು 2019ರ ಫೆಬ್ರವರಿಯಲ್ಲಿ ರಾಜಿಯಾಯಿತು. ಅಲ್ಲಿ ತಕರಾರು ಎತ್ತಲು ಒಂದು ಸಂಘವಿತ್ತು, ದೂರು ಕೇಳುವ ವ್ಯವಸ್ಥೆಯಿತ್ತು. ನಮ್ಮ ಆಟಗಾರನ ಜೊತೆಗಿದ್ದದ್ದು ಬಂದರು ಕಾರ್ಮಿಕರ ಒಬ್ಬ ವಕೀಲ. ಮುಂದೆ ಇಂಥ ಪ್ರಕರಣ ಹಿಡಿಯುವವರು ಶಿಸ್ತು ಸಮಿತಿಯ ಮುಂದಿನ ವಾದಕ್ಕಿಂತ ಮೊದಲು ಕರಾರಿನ ಕೊನೆಯ ದಿನಾಂಕವನ್ನು ನೋಡಲಿ. ನಾನು ವಿಚಾರಣೆ ನಡೆಯುತ್ತಿರುವಾಗಲೇ, ಲೀಗ್ ಇನ್ನೂ ಮುಜುಗರದಲ್ಲಿದ್ದಾಗಲೇ, ಮುಂದಿನ ಋತುವಿನ ಮಾತನ್ನು ಕ್ಲಬ್ಬಿನ ಮುಂದೆ ಇಡಬೇಕಿತ್ತು. ಇಡಲಿಲ್ಲ. ಗೆದ್ದೆವೆಂಬ ಭಾವನೆಯಲ್ಲಿದ್ದೆ.

ಅವನು ಈಗ ಮುಂಬಯಿಯಲ್ಲಿ ಒಂದು ಕಂಪನಿಯ ತಂಡಕ್ಕೆ ಆಡುತ್ತಾನೆ, ಕುರ್ಲಾದಲ್ಲಿ ನಾಲ್ವರ ಜೊತೆ ಕೋಣೆ ಮಾಡಿಕೊಂಡಿದ್ದಾನೆ. ನಾಯಕ ಅದೇ ಕ್ಲಬ್ಬಿನಲ್ಲಿದ್ದಾನೆ. ಚೌತಿಗೆ ಅವನ ತೋಟದ ಅಡಿಕೆ ವಾಸ್ಕೋದ ಮನೆಗೆ ಬಂತೆಂದು ತಾಯಿ ಹೇಳಿದರು, ಚೀಟಿ ಏನೂ ಇರಲಿಲ್ಲವಂತೆ. ತಾಯಿ ನನ್ನನ್ನು ಕೇಳಿದ್ದು ಬೇರೆ: ಆ ಬನಿಯನ್ ಹೊಸದು, ಜೋಡಿಯಲ್ಲಿ ತಂದದ್ದು, ವಾಪಸು ಕೊಡುತ್ತಾರೆಯೇ? ನಾನು ಲೀಗಿಗೆ ಪತ್ರ ಬರೆದೆ. ಸಾಕ್ಷ್ಯವಾಗಿ ಪಡೆದ ವಸ್ತುವನ್ನು ಹಿಂದಿರುಗಿಸುವ ವಿಧಾನ ನಿಯಮಾವಳಿಯಲ್ಲಿ ಇಲ್ಲದ ಕಾರಣ ಅದು ಕಡತದ ಭಾಗವಾಗಿಯೇ ಇರುತ್ತದೆಂದು ಉತ್ತರ ಬಂತು. ವಸ್ತುವಿನ ವಿವರದ ಕಲಮಿನಲ್ಲಿ ಈಗಲೂ ನೀರು, ಅಡಿಕೆ ಎಂದೇ ಇದೆ.